ಚಂಪಾರಣ್‌ನ ನೀಲಿ, ಬಳ್ಳಾರಿಯ ನೀಲಿ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ಅಂಗಡಿ ಸೇರುವ ಮುನ್ನ ಒಮ್ಮೆಯಾದರೂ ಯಂತ್ರದಲ್ಲಿ ತೊಳೆಸಿಕೊಳ್ಳಬೇಕು. 2024ರಲ್ಲಿ ಕುತ್ತು ಬಂದದ್ದು ಈ ತೊಳೆಯುವ ಘಟಕಗಳಿಗೆ. ತ್ಯಾಜ್ಯನೀರನ್ನು ಸರಿಯಾಗಿ ಸಂಸ್ಕರಿಸುತ್ತಿಲ್ಲ ಎಂಬ ಕಾರಣಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅವುಗಳನ್ನು ಮುಚ್ಚಲು ಆದೇಶಿಸಿತು. ತೊಳೆಯುವುದು ನಿಂತರೆ ಹೊಲಿಯುವುದೂ ನಿಲ್ಲುತ್ತದೆ. ಕೌಲ್ ಬಜಾರಿನ ಗಲ್ಲಿಗಳಲ್ಲಿ ಮಿಷನ್ ತುಳಿಯುವವರು, ಗುಂಡಿ ಹಾಕುವವರು, ದಾರದ ತುದಿ ಕತ್ತರಿಸುವ ಹೆಂಗಸರು, ಇಸ್ತ್ರಿಯವರು ಎಲ್ಲರೂ ಆ ಒಂದು ಕೊಂಡಿಗೆ ಜೋತುಬಿದ್ದವರು. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಜೀನ್ಸ್ ಪಾರ್ಕಿನ, ಅಂದರೆ ಜೀನ್ಸ್ ತಯಾರಿಕೆಗೇ ಮೀಸಲಾದ ಕೈಗಾರಿಕಾ ಪ್ರದೇಶದ, ಭರವಸೆ ಕೇಳಿದ್ದ ಊರಿಗೆ ಮರುವರ್ಷ ಬಂದದ್ದು ಬೀಗದ ಸುದ್ದಿ.

ಇಂಥ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಪರಿಹಾರವೂ ಬರುತ್ತದೆ: ರಾಸಾಯನಿಕ ನೀಲಿ ಬಿಡಿ, ಗಿಡದ ನೀಲಿಗೆ ಮರಳಿ. ದೊಡ್ಡ ಊರುಗಳ ಬಟ್ಟೆ ಮಳಿಗೆಗಳಲ್ಲಿ ‘ನೈಸರ್ಗಿಕ ಇಂಡಿಗೊ’ ಎಂಬ ಚೀಟಿ ಅಂಟಿಸಿಕೊಂಡ ಕುರ್ತಾ, ದುಪಟ್ಟಾಗಳಿಗೆ ಒಳ್ಳೆಯ ಬೆಲೆಯಿದೆ, ಒಳ್ಳೆಯ ಹೆಸರೂ ಇದೆ. ಗಿಡದ ನೀಲಿಯ ಚೆಲುವನ್ನು ನಾನೂ ಪ್ರೀತಿಸುತ್ತೇನೆ. ಆದರೆ ಆ ಚೀಟಿ ಹೇಳುವಷ್ಟು ಸರಳವಾಗಿ ಈ ಬಣ್ಣದ ಚರಿತ್ರೆ ಇಲ್ಲ. ಬಂಗಾಳದ ರೈತರು ದಂಗೆಯೆದ್ದದ್ದು ಗಿಡದ ನೀಲಿಯ ವಿರುದ್ಧ. ಗಾಂಧೀಜಿಯನ್ನು ಬಿಹಾರದ ಚಂಪಾರಣ್‌ಗೆ ಕರೆಸಿಕೊಂಡದ್ದೂ ಗಿಡದ ನೀಲಿ. ನೀಲಿ ಎಲ್ಲಿಂದ ಬಂತು ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಅದರ ಕಷ್ಟ ಯಾರ ಪಾಲಿಗೆ ಹೋಯಿತು ಎಂದೂ ಕೇಳಬೇಕು.

ಮೊದಲು ಬಣ್ಣದ ಸ್ವಭಾವ ತಿಳಿಯಬೇಕು, ಯಾಕೆಂದರೆ ಬಳ್ಳಾರಿಯ ತೊಂದರೆಯ ಬೇರು ಅಲ್ಲೇ ಇದೆ. ನೀಲಿ ಗಿಡ ಹುರುಳಿ, ತೊಗರಿಗಳ ಬಳಗದ್ದು, ದ್ವಿದಳ ಜಾತಿ. ಎಲೆ ಹಸಿರೇ, ಹಿಸುಕಿದರೆ ನೀಲಿ ರಸವೇನೂ ಬರುವುದಿಲ್ಲ. ಎಲೆಯೊಳಗೆ ಇರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತು. ಕೊಯ್ದ ಸೊಪ್ಪನ್ನು ತೊಟ್ಟಿಯಲ್ಲಿ ತಾಸುಗಟ್ಟಲೆ ನೆನೆಹಾಕಿದರೆ ಅದು ಒಡೆದು ನೀರಿಗಿಳಿಯುತ್ತದೆ. ಆ ನೀರನ್ನು ಇನ್ನೊಂದು ತೊಟ್ಟಿಗೆ ಬಿಟ್ಟು ಬಡಿಯಬೇಕು. ಬಡಿದಷ್ಟೂ ಗಾಳಿ ಬೆರೆತು ಹಳದಿ ಹಸಿರು ನೀರು ನೀಲಿಗೆ ತಿರುಗುತ್ತದೆ, ನೀಲಿ ಕಣಗಳು ತಳಕ್ಕೆ ಕೂರುತ್ತವೆ. ತಳದ ಗಸಿಯನ್ನು ಕುದಿಸಿ, ಸೋಸಿ, ಒತ್ತಿ, ಒಣಗಿಸಿದರೆ ನೀಲಿಯ ಬಿಲ್ಲೆ. ಬ್ರಿಟಿಷರ ಕಾಲದ ಕಾರ್ಖಾನೆಗಳಲ್ಲಿ ಈ ಬಡಿಯುವ ಕೆಲಸ ಕೂಲಿಯಾಳುಗಳದು. ಸೊಂಟದವರೆಗಿನ ಕೊಳೆತ ನೀರಿನಲ್ಲಿ ಎಂಟು ತಾಸಿಗೂ ಹೆಚ್ಚು ಹೊತ್ತು ನಿಂತು ಬಡಿಯುತ್ತಿದ್ದರು.

ಬಿಲ್ಲೆ ಸಿಕ್ಕಿದ ಮೇಲೂ ಬಣ್ಣ ಹಾಕುವುದು ಸುಲಭವಲ್ಲ. ನೀಲಿ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಕ್ಷಾರದ ದ್ರವದಲ್ಲಿ ಅದರ ಆಮ್ಲಜನಕದ ನಂಟನ್ನು ಬಿಡಿಸಬೇಕು. ದಕ್ಷಿಣದ ಬಣ್ಣಗಾರರು ಇದಕ್ಕೆ ಕಂಡುಕೊಂಡ ದಾರಿ ಸೊಗಸಾದದ್ದು: ತಗಚೆ ಬೀಜ ಬೇಯಿಸಿ, ಸುಣ್ಣದ ತಿಳಿಯೊಂದಿಗೆ ಹರವಿಯಲ್ಲಿ ಹುದುಗು ಬರಿಸುವುದು. ಹುದುಗಿನ ಸೂಕ್ಷ್ಮಜೀವಿಗಳು ನೀಲಿಯನ್ನು ಕರಗುವ ರೂಪಕ್ಕೆ ತರುತ್ತವೆ. ಹರವಿಯಲ್ಲಿ ಅದ್ದಿ ಎತ್ತಿದ ನೂಲು ಮೊದಲು ಹಸಿರು ಹಳದಿಯಾಗಿರುತ್ತದೆ. ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಕಣ್ಣೆದುರೇ ನೀಲಿಯಾಗುತ್ತದೆ. ಬಣ್ಣ ಗಾಢವಾಗಬೇಕೆಂದರೆ ಮತ್ತೆ ಅದ್ದಬೇಕು, ಮತ್ತೆ ಗಾಳಿಗೆ ಹಿಡಿಯಬೇಕು. ಮಂಜಿಷ್ಠದ ಕೆಂಪಿಗೆ ಪಟಿಕ ಬೇಕು, ನೀಲಿಗೆ ಅಂಥ ಅಂಟು ಏನೂ ಬೇಡ. ಎಳೆಯೊಳಗೆ ಇಳಿಯದೆ ಅದರ ಹೊರಮೈಯ ಮೇಲೆ ಪದರ ಪದರವಾಗಿ ಕೂರುವ ಬಣ್ಣ ಇದು. ಬಿಸಿಲು, ಸಾಬೂನಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲ, ಉಜ್ಜಿದರೆ ಮಾತ್ರ ಉದುರುತ್ತದೆ. ಈ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ.

ಪೆರು ದೇಶದ ಹುವಾಕಾ ಪ್ರಿಯೇತಾದಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರುಗಳಲ್ಲಿ ಸುಮಾರು 6,000 ವರ್ಷ ಹಳೆಯ ನೀಲಿ ಇದೆ. ಜಪಾನ್, ಪಶ್ಚಿಮ ಆಫ್ರಿಕಾ, ಯುರೋಪು ಎಲ್ಲೆಡೆ ಜನ ತಮ್ಮ ತಮ್ಮ ಗಿಡಗಳಿಂದ ನೀಲಿ ತೆಗೆದರು. ಆದರೆ ದೂರದ ಪೇಟೆಗೆ ಹೋಗುವ ಸರಕಾಗಿ ನೀಲಿಯನ್ನು ಬೆಳೆಸಿದ್ದು ಭಾರತ. ಗ್ರೀಕರು, ರೋಮನ್ನರು ಅದನ್ನು ನಮ್ಮ ದೇಶದ ಹೆಸರಿನಿಂದಲೇ ಕರೆದರು. ಗುಜರಾತಿನ ಅಚ್ಚಿನ ನೀಲಿ ಬಟ್ಟೆಗಳ ತುಂಡುಗಳು ಈಜಿಪ್ಟಿನ ಫುಸ್ತಾತ್‌ನ ಹಳೆಯ ಕಸದ ಗುಡ್ಡೆಗಳಲ್ಲಿ ಸಿಕ್ಕಿವೆ. ಮೊಗಲರ ಕಾಲಕ್ಕೆ ಎರಡು ಹೆಸರು ಪ್ರಸಿದ್ಧ: ಆಗ್ರಾದ ಹತ್ತಿರದ ಬಯಾನಾ, ಅಹಮದಾಬಾದಿನ ಮಗ್ಗುಲಿನ ಸರ್‌ಖೇಜ್. ಡಚ್ಚರು, ಇಂಗ್ಲಿಷರು ಈ ಎರಡರ ಗುಣ, ಬೆಲೆ, ಕಲಬೆರಕೆಯ ಬಗ್ಗೆ ತಮ್ಮ ಪತ್ರಗಳಲ್ಲಿ ಬರೆದದ್ದೇ ಬರೆದದ್ದು. ಸರ್‌ಖೇಜ್ ಇಂದು ಅಹಮದಾಬಾದಿನ ಒಂದು ಬಡಾವಣೆ. ಆ ನಗರವೇ ಇಂದು ಜೀನ್ಸ್ ಹೊಲಿಯುವ ಬಟ್ಟೆಯಾದ ಡೆನಿಮ್‌ನ ದೇಶದ ದೊಡ್ಡ ಕೇಂದ್ರಗಳಲ್ಲೊಂದು. ನಾಲ್ಕು ಶತಮಾನದ ಕೆಳಗೆ ನೀಲಿಯ ಬಿಲ್ಲೆ ಕಳಿಸುತ್ತಿದ್ದ ಸೀಮೆ ಈಗ ನೀಲಿಯ ಥಾನುಗಳನ್ನು ಕಳಿಸುತ್ತದೆ.

ಯುರೋಪಿನಲ್ಲಿ ಈ ಬಿಲ್ಲೆಗೆ ಸಿಕ್ಕಿದ್ದು ಹಗೆತನ. ಅಲ್ಲಿನವರ ಸ್ವಂತ ನೀಲಿ ಗಿಡ ವೋಡ್. ಫ್ರಾನ್ಸಿನ ತುಲೂಸ್, ಜರ್ಮನಿಯ ಎರ್ಫುರ್ಟ್ ಪಟ್ಟಣಗಳು ಅದರ ವ್ಯಾಪಾರದಿಂದಲೇ ಸಿರಿವಂತವಾಗಿದ್ದವು. ಭಾರತದ ನೀಲಿ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಅದನ್ನು ದೆವ್ವದ ಬಣ್ಣವೆಂದು ಕರೆದರು, ನಿಷೇಧಿಸಿದರು. ಫ್ರಾನ್ಸಿನ ಅರಸ ನಾಲ್ಕನೇ ಹೆನ್ರಿ 1609ರಲ್ಲಿ ಅದನ್ನು ಬಳಸುವವರಿಗೆ ಮರಣದಂಡನೆಯನ್ನೇ ಸಾರಿದ. ಕಾನೂನು ಸೋತಿತು, ಬಣ್ಣ ಗೆದ್ದಿತು. ಆಮೇಲೆ ಯುರೋಪಿನವರು ನೀಲಿಯನ್ನು ತಾವೇ ಬೆಳೆಸಲು ಹೊರಟರು, ಬೆಳೆಸಿದ್ದು ಗುಲಾಮರ ಕೈಯಿಂದ. ಕೆರಿಬಿಯನ್ ದ್ವೀಪಗಳಲ್ಲಿ, 1740ರ ದಶಕದ ನಂತರ ದಕ್ಷಿಣ ಕ್ಯಾರೊಲಿನಾದಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಜನ ಈ ತೊಟ್ಟಿಗಳಲ್ಲಿ ದುಡಿದರು. 1748ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ಬಂತು, ಬೇಡಿಕೆ ಇನ್ನಷ್ಟು ಏರಿತು. ಅಮೆರಿಕ ಕೈತಪ್ಪಿದ ಮೇಲೆ ಬ್ರಿಟನ್ ಬಂಗಾಳದತ್ತ ತಿರುಗಿತು.

ಬಂಗಾಳದಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ನೀಲಿ ಕಾರ್ಖಾನೆಯ ಒಡೆಯನಾದ ಯುರೋಪಿಯನ್ ತೋಟಗಾರ (ಪ್ಲಾಂಟರ್) ರೈತನಿಗೆ ಮುಂಗಡ ಕೊಡುತ್ತಿದ್ದ. ಅದಕ್ಕೆ ದಾದನ್ ಎಂದು ಹೆಸರು. ಮುಂಗಡ ಹಿಡಿದವನು ತನ್ನ ಹೊಲದ ಇಂತಿಷ್ಟು ಭಾಗದಲ್ಲಿ ನೀಲಿ ಬಿತ್ತಲೇಬೇಕು, ಅದೂ ಭತ್ತಕ್ಕೆ ಒಳ್ಳೆಯದೆನಿಸಿದ ನೆಲದಲ್ಲೇ. ಬೆಲೆ ತೋಟಗಾರ ಹೇಳಿದ್ದು. ಸೊಪ್ಪಿನ ಕಟ್ಟನ್ನು ಸರಪಳಿ ಸುತ್ತಿ ಅಳೆಯುತ್ತಿದ್ದರು. ಸರಪಳಿ ಕಾರ್ಖಾನೆಯದು, ಅಳೆಯುವವನೂ ಕಾರ್ಖಾನೆಯವನು. ಕಟಾವು ಮುಗಿದು ಲೆಕ್ಕ ಮಾಡಿದರೆ ಬೆಲೆಗಿಂತ ಸಾಲವೇ ದೊಡ್ಡದು. ಸಾಲ ಮರುವರ್ಷಕ್ಕೆ ದಾಟುತ್ತಿತ್ತು, ಅಪ್ಪನಿಂದ ಮಗನಿಗೂ ದಾಟುತ್ತಿತ್ತು. ಒಪ್ಪದವನಿಗೆ ಲಾಠಿಯವರು, ಕಾರ್ಖಾನೆಯ ಕತ್ತಲೆ ಕೋಣೆ.

1859ರಲ್ಲಿ ನದಿಯಾ ಜಿಲ್ಲೆಯ ರೈತರು ಇನ್ನು ನೀಲಿ ಬಿತ್ತುವುದಿಲ್ಲ ಎಂದರು. ಚೌಗಾಛಾ ಎಂಬ ಹಳ್ಳಿಯ ದಿಗಂಬರ ಬಿಸ್ವಾಸ್, ವಿಷ್ಣುಚರಣ ಬಿಸ್ವಾಸ್ ಮುಂದಾಳುಗಳು. ಮಾತು ಊರಿಂದೂರಿಗೆ ಹಬ್ಬಿತು. ಮರುವರ್ಷ ಸರ್ಕಾರ ನೀಲಿ ಆಯೋಗ ನೇಮಿಸಬೇಕಾಯಿತು. ಆಯೋಗದೆದುರು ರೈತರ ಜೊತೆ ಇಂಗ್ಲಿಷ್ ಅಧಿಕಾರಿಗಳೂ ತೋಟಗಾರರ ಕ್ರೌರ್ಯಕ್ಕೆ ಸಾಕ್ಷಿ ನುಡಿದರು. ಅದೇ 1860ರಲ್ಲಿ ದೀನಬಂಧು ಮಿತ್ರರ ‘ನೀಲ್ ದರ್ಪಣ್’ ನಾಟಕ ಢಾಕಾದಲ್ಲಿ ಅಚ್ಚಾಯಿತು. ಅದರ ಇಂಗ್ಲಿಷ್ ರೂಪವನ್ನು ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಸಾವಿರ ರೂಪಾಯಿ ದಂಡ ತೆತ್ತು ಒಂದು ತಿಂಗಳು ಜೈಲಿನಲ್ಲಿ ಕುಳಿತರು. ದಂಡದ ಹಣ ಕಟ್ಟಿದವರು ಬಂಗಾಳಿ ಲೇಖಕ ಕಾಲಿಪ್ರಸನ್ನ ಸಿಂಹ.

ಇಲ್ಲೊಂದು ಸಂಗತಿಯ ಬಗ್ಗೆ ನನಗೆ ಬಹಳ ಕುತೂಹಲವಿದೆ. ನೀಲಿ ಬೆಳೆದ ನೆಲ ಬರಡಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬಂಗಾಳದ ರೈತರು ಹಾಗೆಂದು ದೂರಿದ್ದೂ ನಿಜ. ಆದರೆ ದ್ವಿದಳ ಗಿಡವಾದ ನೀಲಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಬಣ್ಣ ತೆಗೆದ ಮೇಲೆ ಉಳಿವ ಸೊಪ್ಪು ಒಳ್ಳೆಯ ಗೊಬ್ಬರ. ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿಯೂ ಈ ಗಿಡವನ್ನು ಬಳಸುವುದುಂಟು. ಹಾಗಾದರೆ ರೈತರು ಸುಳ್ಳು ಹೇಳಿದರೇ? ಇಲ್ಲ. ಒಳ್ಳೆಯ ನೆಲವನ್ನು ಭತ್ತದ ಹಂಗಾಮಿನಲ್ಲೇ ಬಲವಂತವಾಗಿ ಬೇರೆ ಬೆಳೆಗೆ ಕೊಡಬೇಕಾದಾಗ, ಕೊಯ್ದ ಸೊಪ್ಪೆಲ್ಲ ಕಾರ್ಖಾನೆಯ ಪಾಲಾದಾಗ, ವರ್ಷದ ಕೊನೆಗೆ ಊಟಕ್ಕೂ ಗೊಬ್ಬರಕ್ಕೂ ಏನೂ ಉಳಿಯದಾಗ ಯಾವ ನೆಲವಾದರೂ ಸೋಲುತ್ತದೆ. ಗಿಡದ ಗುಣಕ್ಕಿಂತ ಕರಾರಿನ ಗುಣ ಅಲ್ಲಿ ಹೆಚ್ಚು ಕೆಲಸ ಮಾಡಿತು ಎಂದೇ ನಾನು ತಿಳಿಯುತ್ತೇನೆ.

ಬಂಗಾಳದಲ್ಲಿ ಕಾಲು ಕಿತ್ತ ತೋಟಗಾರರು ಬಿಹಾರದಲ್ಲಿ ಗಟ್ಟಿಯಾಗಿ ನೆಲೆಯೂರಿದರು. ಚಂಪಾರಣ್‌ನ ತೀನ್‌ಕಠಿಯಾ ಪದ್ಧತಿಯಲ್ಲಿ ಪ್ರತಿ 20 ಕಠಾ (ಕಠಾ ಅಲ್ಲಿನ ನೆಲದ ಅಳತೆ) ನೆಲದಲ್ಲಿ ಮೂರು ಕಠಾ ನೀಲಿಗೆ ಮೀಸಲು. ಅಷ್ಟರಲ್ಲಿ ಜರ್ಮನಿಯಲ್ಲಿ ಬೇರೆಯದೇ ನಡೆಯುತ್ತಿತ್ತು. ಅಡೋಲ್ಫ್ ಫಾನ್ ಬೇಯರ್ 1880ರಲ್ಲಿ ಪ್ರಯೋಗಾಲಯದಲ್ಲಿ ನೀಲಿ ತಯಾರಿಸಿದರು; ಅದನ್ನು ಕಾರ್ಖಾನೆಯ ಮಟ್ಟಕ್ಕೆ ತರಲು ಬಿಎಎಸ್‌ಎಫ್ ಕಂಪನಿಗೆ 17 ವರ್ಷ ಹಿಡಿಯಿತು. 1897ರಲ್ಲಿ ಕಲ್ಲಿದ್ದಲ ಡಾಂಬರಿನಿಂದ ಹುಟ್ಟಿದ ನೀಲಿ ಪೇಟೆಗೆ ಬಂತು. ಆ ವರ್ಷ ಜಗತ್ತಿನಲ್ಲಿ ಸುಮಾರು 7,000 ಚದರ ಕಿಲೋಮೀಟರ್ ನೆಲದಲ್ಲಿ ನೀಲಿ ಬೆಳೆಯುತ್ತಿದ್ದರು, ಬಹುಪಾಲು ಭಾರತದಲ್ಲಿ. ಬಣ್ಣದ ಉತ್ಪಾದನೆ 19,000 ಟನ್. 1914ರ ಹೊತ್ತಿಗೆ ಅದು ಸುಮಾರು 1,000 ಟನ್ನಿಗೆ ಕುಸಿಯಿತು.

ರಾಸಾಯನಿಕ ನೀಲಿ ರೈತನನ್ನು ಬಿಡುಗಡೆ ಮಾಡಬೇಕಿತ್ತು. ಮಾಡಲಿಲ್ಲ. ಬೆಲೆ ಬಿದ್ದಾಗ ತೋಟಗಾರರಿಗೇ ನೀಲಿ ಬೇಡವಾಯಿತು. ಆಗ ಅವರು ನೀಲಿ ಬೆಳೆಯುವ ಕಟ್ಟುಪಾಡಿನಿಂದ ಬಿಡಿಸುತ್ತೇವೆ ಎಂದು ಹೇಳಿ ಅದಕ್ಕೂ ರೈತರಿಂದಲೇ ವಸೂಲಿಗಿಳಿದರು. ಕೆಲವೆಡೆ ತಾವಾನ್ ಎಂಬ ಇಡಿಗಂಟು, ಕೆಲವೆಡೆ ಶರಹಬೇಶಿ ಎಂಬ ಏರಿಸಿದ ಗೇಣಿ. ಜರ್ಮನಿಯ ಕಾರ್ಖಾನೆಯಿಂದ ತಮಗಾದ ನಷ್ಟವನ್ನು ಚಂಪಾರಣ್‌ನ ರೈತನ ಮೇಲೆ ಹೊರಿಸಿದರು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಬಣ್ಣ ನಿಂತಾಗ ಮತ್ತೆ ನೀಲಿ ಬಿತ್ತಿರೆಂಬ ಒತ್ತಾಯ. ಈ ಹಿಂಸೆಯನ್ನು ಹೇಳಿಕೊಂಡು ರಾಜಕುಮಾರ ಶುಕ್ಲ ಎಂಬ ರೈತ ಗಾಂಧೀಜಿಯ ಬೆನ್ನುಬಿದ್ದರು. 1917ರ ಏಪ್ರಿಲ್‌ನಲ್ಲಿ ಗಾಂಧೀಜಿ ಮೋತಿಹಾರಿಗೆ ಹೋದದ್ದು, ಜಿಲ್ಲೆ ಬಿಟ್ಟು ಹೋಗಿ ಎಂಬ ಆಜ್ಞೆಯನ್ನು ಮೀರಿ ನ್ಯಾಯಾಲಯದಲ್ಲಿ ನಿಂತದ್ದು, ಸಾವಿರಾರು ರೈತರ ಹೇಳಿಕೆ ಬರೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. 1918ರ ಕಾಯ್ದೆ ತೀನ್‌ಕಠಿಯಾವನ್ನು ರದ್ದು ಮಾಡಿತು. ತಾವಾನ್‌ನ ಕಾಲು ಭಾಗ ಹಿಂದಿರುಗಿತು.

ನಮ್ಮ ಉತ್ತರ ಕರ್ನಾಟಕದಲ್ಲಿ ನೀಲಿ ಇದ್ದದ್ದು ಬೇರೆ ರೀತಿ. ಇಲ್ಲಿ ಅದು ರಫ್ತಿನ ತೋಟವಾಗದೆ ಊರಿನ ನೇಕಾರಿಕೆಯ ಒಂದು ಕಸುಬಾಗಿತ್ತು. ಬೆಳಗಾವಿ, ವಿಜಯಪುರ, ಧಾರವಾಡದ ಸೀಮೆಗಳಲ್ಲಿ ನೀಲಗಾರರೆಂಬ ಬಣ್ಣಗಾರರಿದ್ದರು. ಆ ಅಡ್ಡಹೆಸರಿನವರು ಇಂದಿಗೂ ಇದ್ದಾರೆ. (ಮಂಟೇಸ್ವಾಮಿಯ ಕಾವ್ಯ ಹಾಡುವ ದಕ್ಷಿಣದ ನೀಲಗಾರರು ಬೇರೆ.) ಇಳಕಲ್ಲಿನ ಕಡುನೀಲಿ ಹಾಸು, ಕಪ್ಪೇ ಎನಿಸುವಷ್ಟು ಗಾಢವಾದ ಚಂದ್ರಕಾಳಿ ಸೀರೆ, ಅದರ ಮೇಲೆ ಬಿಳಿ ಕೆಂಪು ಎಳೆಗಳ ಕಸೂತಿ, ಇವೆಲ್ಲ ಗಾಢ ಬಣ್ಣ ಹಿಡಿಸಬಲ್ಲ ಕೈಗಳನ್ನು ನಂಬಿದ ಉಡುಗೆಗಳು. ಆ ಬಣ್ಣಗಾರನ ಹೆಗ್ಗಳಿಕೆ ಒಂದೇ: ನಾನು ಹಾಕಿದ ಬಣ್ಣ ಹೋಗುವುದಿಲ್ಲ.

ಹೆಗ್ಗಳಿಕೆಯಿದ್ದರೂ ಮರ್ಯಾದೆ ಇರಲಿಲ್ಲ. ಬ್ರಾಹ್ಮಣ ಮಾರಬಾರದ ವಸ್ತುಗಳ ಪಟ್ಟಿಯಲ್ಲಿ ಮನುಸ್ಮೃತಿ ಹೆಂಡ, ಅರಗಿನ ಸಾಲಿನಲ್ಲಿ ನೀಲಿಯನ್ನೂ ಸೇರಿಸುತ್ತದೆ. ಹುದುಗಿನ ಹರವಿಯ ನಾತ, ಉಗುರಿನಿಂದ ಹೋಗದ ಕಲೆ, ಇವನ್ನೇ ಮುಂದಿಟ್ಟು ಕಸುಬಿನವರನ್ನು ದೂರವಿಟ್ಟ ಸಮಾಜ ಅವರು ಹಾಕಿದ ಬಣ್ಣವನ್ನು ಮಾತ್ರ ಮೈಮೇಲೆ ಧರಿಸಿತು. ಇಂದು ದೇಶದಲ್ಲಿ ನೀಲಿ ಎಂದರೆ ಮೊದಲು ನೆನಪಾಗುವುದು ಅಂಬೇಡ್ಕರ್ ಚಳವಳಿಯ ಬಾವುಟ. ಶಾಸ್ತ್ರ ಮೈಲಿಗೆಯೆಂದ ಬಣ್ಣ ಸ್ವಾಭಿಮಾನದ ಬಣ್ಣವಾಗಿ ಬೀದಿಗಿಳಿದಿರುವುದು ನನಗೆ ಈ ಚರಿತ್ರೆಯಲ್ಲೇ ಅತ್ಯಂತ ಸಂತೋಷ ಕೊಡುವ ತಿರುವು.

ಇನ್ನು ಜೀನ್ಸ್. 1873ರ ಮೇ 20ರಂದು ಲೆವಿ ಸ್ಟ್ರಾಸ್ ಮತ್ತು ದರ್ಜಿ ಜೇಕಬ್ ಡೇವಿಸ್, ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ ದುಡಿಮೆಯ ಪ್ಯಾಂಟಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಡೆನಿಮ್ಮಿನಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನದು ಬಿಳಿ. ಗಣಿಯವರು, ದನಗಾಹಿಗಳು ತೊಟ್ಟ ಬಟ್ಟೆ ಇಪ್ಪತ್ತನೇ ಶತಮಾನದಲ್ಲಿ ಹುಡುಗರ ಬಟ್ಟೆಯಾಯಿತು, ಆಮೇಲೆ ಎಲ್ಲರದಾಯಿತು. ಸಾಯುವುದರಲ್ಲಿದ್ದ ನೀಲಿಯ ಉದ್ದಿಮೆಯನ್ನು ಉಳಿಸಿದ್ದೂ ಇದೇ. ಈಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50,000 ಟನ್ ರಾಸಾಯನಿಕ ನೀಲಿ ತಯಾರಾಗುತ್ತದೆಂಬ ಅಂದಾಜಿದೆ. ಹೆಚ್ಚುಕಡಿಮೆ ಎಲ್ಲವೂ ಡೆನಿಮ್ಮಿಗೇ. ಒಂದು ಪ್ಯಾಂಟಿಗೆ ಬೇಕಾಗುವುದು 3ರಿಂದ 12 ಗ್ರಾಂ ಅಷ್ಟೆ.

ಡೆನಿಮ್ ಗಿರಣಿಯಲ್ಲಿ ನೂಲಿನ ಹಗ್ಗಗಳನ್ನು ನೀಲಿಯ ತೊಟ್ಟಿಗೆ ಅದ್ದಿ, ಗಾಳಿಗೆತ್ತಿ, ಮತ್ತೆ ಅದ್ದುತ್ತಾರೆ. ಹರವಿಯದೇ ಕೆಲಸ; ತಗಚೆ ಬೀಜದ ಜಾಗದಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್ ಬಂದಿದೆ. ನೂಲಿನ ಹೊರಗೆ ನೀಲಿಯ ಉಂಗುರ, ಒಳಗೆ ಬಿಳಿ ತಿರುಳು. ಉಜ್ಜಿದಲ್ಲಿ ನೀಲಿ ಉದುರಿ ಬಿಳಿ ಕಾಣುತ್ತದೆ. ಮೊಣಕಾಲು, ತೊಡೆ, ಜೇಬಿನ ಅಂಚು ಮಾಸುವುದು ಹೀಗೆ. ಮೊದಲು ವರ್ಷಗಟ್ಟಲೆ ತೊಟ್ಟವನ ಮೈಯೇ ಆ ಕೆಲಸ ಮಾಡುತ್ತಿತ್ತು. 1970-80ರ ದಶಕಗಳಿಂದ ಫ್ಯಾಷನ್ ಪೇಟೆ ಮಾಸಿದ್ದನ್ನೇ ಹೊಸದಾಗಿ ಮಾರತೊಡಗಿತು. ಪ್ಯೂಮಿಸ್ ಕಲ್ಲಿನೊಂದಿಗೆ ಡ್ರಮ್ಮಿನಲ್ಲಿ ತಿರುಗಿಸುವುದು, ಕಿಣ್ವದ ತೊಳೆತ, ಬ್ಲೀಚು, ಪೊಟ್ಯಾಶಿಯಂ ಪರ್ಮಾಂಗನೇಟ್ ಸಿಂಪಡಣೆ, ಇವೆಲ್ಲ ಹೊಸ ಬಟ್ಟೆಯನ್ನು ಹಳೆಯದು ಮಾಡುವ ವಿಧಾನಗಳು. ಮರಳು ಊದಿ ಮಾಸಿಸುವ ಕೆಲಸದಲ್ಲಿ ಟರ್ಕಿಯ ಯುವ ಕಾರ್ಮಿಕರ ಶ್ವಾಸಕೋಶ ಹಾಳಾಗಿ, ಸಿಲಿಕೋಸಿಸ್‌ನಿಂದ ಹಲವರು ಸತ್ತ ಮೇಲೆ ಆ ದೇಶ 2009ರಲ್ಲಿ ಅದನ್ನು ನಿಷೇಧಿಸಿತು.

ಬಳ್ಳಾರಿಯ ತೊಳೆಯುವ ಘಟಕಗಳ ಕೆಲಸ ಇದೇ: ಬೇರೆಲ್ಲೋ ಖರ್ಚು ಮಾಡಿ ನೂಲಿಗೆ ಹತ್ತಿಸಿದ ನೀಲಿಯನ್ನು ನೀರು ಸುರಿದು ಬಿಡಿಸುವುದು. ಉದುರಿದ ನೀಲಿ, ನೂಲಿನ ಧೂಳು, ಕಲ್ಲಿನ ಹುಡಿ, ಬ್ಲೀಚು, ಉಪ್ಪು ಎಲ್ಲ ಸೇರಿದ ನೀರು ಹೊರಬರುತ್ತದೆ. ನೀಲಿಯನ್ನು ಕಣ್ಣಿಗಾದರೂ ಕಾಣಬಹುದು. ಉಪ್ಪು, ಕ್ಷಾರ ಕಾಣುವುದಿಲ್ಲ, ನೆಲಕ್ಕೆ ಇಳಿದ ಮೇಲೆ ತೆಗೆಯುವುದೂ ಕಷ್ಟ. ಮಳೆ ಕಡಿಮೆಯ, ಗಣಿಯ ಧೂಳಿನಿಂದ ಮೊದಲೇ ನೊಂದ ಜಿಲ್ಲೆ ಇದು. ಹಾಗಾಗಿ ಮಂಡಳಿಯ ಆದೇಶವನ್ನು ನಾನು ತಪ್ಪೆನ್ನಲಾರೆ. ಆದರೆ ಆದೇಶ ಬಿದ್ದದ್ದು ಸರಪಳಿಯಲ್ಲಿ ಎಲ್ಲರಿಗಿಂತ ಕಡಿಮೆ ಲಾಭದ ಕೊಂಡಿಯ ಮೇಲೆ ಎಂಬುದನ್ನೂ ಹೇಳಲೇಬೇಕು. ಎಷ್ಟು ಮಾಸಬೇಕು, ಎಲ್ಲಿ ಹರಿದಂತಿರಬೇಕು ಎಂದು ನಿರ್ಧರಿಸಿದವರು ಬೇರೆ ಊರಿನ ಪೇಟೆಯವರು. ನೀರು ಮಾತ್ರ ಬಳ್ಳಾರಿಯದು.

ಗಿಡದ ನೀಲಿ ಇದನ್ನು ಬಗೆಹರಿಸೀತೇ? 1897ರ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರೆ ಹೆಕ್ಟೇರಿಗೆ ಸುಮಾರು 27 ಕೆ.ಜಿ. ಬಣ್ಣ ಬರುತ್ತಿತ್ತು. ಇಂದಿನ 50,000 ಟನ್ನಿಗೆ ಅದೇ ಇಳುವರಿಯಲ್ಲಿ 18 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಬೇಕು. ಇಳುವರಿ ದುಪ್ಪಟ್ಟಾಯಿತೆಂದರೂ ಅದು ಆಹಾರ ಬೆಳೆಯುವ ನೆಲವನ್ನೇ ಕೇಳುತ್ತದೆ. ಇನ್ನೂ ಮುಖ್ಯವಾದದ್ದು: ಗಿಡದ್ದಾಗಲಿ ಕಾರ್ಖಾನೆಯದಾಗಲಿ ನೀಲಿಯ ಅಣು ಒಂದೇ. ಗಿಡದ ನೀಲಿಯನ್ನೂ ಹೈಡ್ರೋಸಲ್ಫೈಟಿನಲ್ಲಿ ಕರಗಿಸಿ, ಪರ್ಮಾಂಗನೇಟಿನಲ್ಲಿ ಮಾಸಿಸಿದರೆ ಹೊರಬರುವ ನೀರಿನಲ್ಲಿ ಹೆಚ್ಚಿನ ವ್ಯತ್ಯಾಸ ಇರದು. ರಾಸಾಯನಿಕ ನೀಲಿಯಲ್ಲಿ ಉಳಿಯುವ ಅನಿಲೀನ್‌ನಂಥ ವಿಷ ಗಿಡದ ನೀಲಿಯಲ್ಲಿ ಇಲ್ಲ. ಅದು ನಿಜವಾದ ಲಾಭ, ಅಲ್ಲಗಳೆಯುವಂಥದ್ದಲ್ಲ. ಆದರೆ ಅನಿಲೀನ್ ಇಲ್ಲದ ರಾಸಾಯನಿಕ ನೀಲಿಯೂ 2018ರಿಂದ ಪೇಟೆಯಲ್ಲಿದೆ.

ಸಣ್ಣ ಪ್ರಮಾಣದಲ್ಲಿ ಗಿಡದ ನೀಲಿಗೆ ಗಟ್ಟಿಯಾದ ಜಾಗವಿದೆ. ತಮಿಳುನಾಡಿನ ತಿಂಡಿವನಂ ಸುತ್ತ, ಆಂಧ್ರದ ಕಡಪ ಜಿಲ್ಲೆಯಲ್ಲಿ ಇಂದಿಗೂ ನೀಲಿ ಬೆಳೆಯುತ್ತಾರೆ. ಗುಜರಾತಿನ ಕಛ್‌ನಲ್ಲಿ ಅಜ್ರಖ್ ಎಂಬ ಅಚ್ಚಿನ ಬಟ್ಟೆ ಮಾಡುವ ಖತ್ರಿ ಸಮುದಾಯದ ಹಲವರು ಗಿಡದ ನೀಲಿಯ ಹರವಿಯನ್ನು ಮತ್ತೆ ಹೂಡಿದ್ದಾರೆ. ಕೈಮಗ್ಗದ ಬಟ್ಟೆಗೆ, ಮಾಸಿಸಬೇಕಿಲ್ಲದ ಬಟ್ಟೆಗೆ, ಬಣ್ಣಗಾರನ ಹೆಸರಿನಲ್ಲಿ ಮಾರುವ ಬಟ್ಟೆಗೆ ಅದು ಒಪ್ಪುತ್ತದೆ. ಅಂಥ ಬಟ್ಟೆ ಕೊಳ್ಳುವವರು ಮೂರು ವಿಷಯ ವಿಚಾರಿಸಬಹುದು: ಬಣ್ಣ ಕರಗಿಸಿದ್ದು ಹುದುಗಿನಲ್ಲೋ ಹೈಡ್ರೋಸಲ್ಫೈಟಿನಲ್ಲೋ, ಸೊಪ್ಪಿಗೆ ರೈತನಿಗೆ ಸಿಕ್ಕ ಬೆಲೆ ಎಷ್ಟು, ಆ ಬೆಲೆ ಬಿತ್ತುವ ಮುನ್ನ ಗೊತ್ತಾಗಿತ್ತೋ ಕೊಯ್ದ ಮೇಲೋ. ಕೊನೆಯದು ಬಂಗಾಳದ ರೈತ ಕೇಳಲಾಗದೆ ಹೋದ ಪ್ರಶ್ನೆ.

ಬಳ್ಳಾರಿಗೆ ಬೇಕಿರುವುದು ಬೇರೆ. ಹತ್ತಿಪ್ಪತ್ತು ಯಂತ್ರಗಳ ಸಣ್ಣ ಘಟಕ ಸ್ವಂತ ಸಂಸ್ಕರಣಾ ವ್ಯವಸ್ಥೆ ಕಟ್ಟಿ ನಡೆಸುವುದು ಆಗದ ಮಾತು. ಎಲ್ಲರಿಗೂ ಸೇರಿದ ಸಾಮಾನ್ಯ ಸಂಸ್ಕರಣಾ ಘಟಕ ಬೇಕು. ಕಟ್ಟಲು ಸರ್ಕಾರದ ಹಣ, ನಡೆಸಲು ಪ್ರತಿ ಪ್ಯಾಂಟಿನ ಮೇಲೆ ಇಷ್ಟು ಎಂಬ ಶುಲ್ಕ, ಆ ಶುಲ್ಕ ತೊಳೆಯುವವನ ಕೂಲಿಯಿಂದ ಕಡಿತವಾಗದೆ ಬಿಲ್ಲಿನಲ್ಲಿ ಬೇರೆ ಸಾಲಾಗಿ ಕೊಳ್ಳುವ ಕಂಪನಿಗೆ ಹೋಗುವ ಏರ್ಪಾಡು. ಕಲ್ಲು, ಬ್ಲೀಚಿನ ಬದಲು ಲೇಸರ್, ಓಝೋನ್ ಯಂತ್ರಗಳು ಬಂದಿವೆ. ನೀರು ಬಹಳ ಉಳಿಸುತ್ತವೆ, ದುಬಾರಿ. ಅವನ್ನು ಘಟಕಗಳು ಸಹಕಾರಿಯಾಗಿ ಕೊಳ್ಳಲು ಸಾಲ ಸಿಗಬೇಕು. ಮುಂದೆ ಜೀನ್ಸ್ ಪಾರ್ಕಿನ ಯೋಜನಾ ವರದಿ ಹೊರಬಂದಾಗ ಎಷ್ಟು ಎಕರೆ, ಎಷ್ಟು ಕೋಟಿ ಎಂಬ ಪುಟಗಳನ್ನು ಆಮೇಲೆ ಓದೋಣ. ತ್ಯಾಜ್ಯನೀರಿನ ಪುಟದಲ್ಲಿ ಖರ್ಚಿನ ಎದುರು ಯಾರ ಹೆಸರಿದೆ ಎಂದು ಮೊದಲು ನೋಡಬೇಕು.